ಆಗುಂಬೆ ಇಳಿದು ಹುಲಿಕಲ್ ಹತ್ತಬೇಕೇ, ಹುಲಿಕಲ್ ಇಳಿದು ಆಗುಂಬೆ ಹತ್ತಬೇಕೇ? ಒಂಟಿ ಸೈಕಲ್ ಪ್ರವಾಸಕ್ಕೆ ಸಲಹೆ ಬೇಕು

ಭದ್ರೆಯ ದಡದವನು, ಭದ್ರಾವತಿ

ಎಲ್ಲರಿಗೂ ನಮಸ್ಕಾರ. ನವೆಂಬರ್ ಕೊನೆಯ ವಾರದಲ್ಲಿ ನನಗೆ ಆರು ದಿನ ರಜೆ ಸಿಗುತ್ತದೆ. ಶಿವಮೊಗ್ಗದಿಂದ ಹೊರಟು ಒಂದು ಘಾಟಿಯಲ್ಲಿ ಕರಾವಳಿಯ ಕಡೆಗೆ ಇಳಿದು, ಇನ್ನೊಂದು ಘಾಟಿಯಲ್ಲಿ ಮೇಲೆ ಹತ್ತಿ ಬರುವ ಸೈಕಲ್ ಪ್ರವಾಸವನ್ನು ಒಬ್ಬನೇ ಮಾಡಬೇಕೆಂದು ಎರಡು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಈ ಸಲ ಹೊರಡುವುದು ಖಚಿತ. ನನಗೆ ನಲವತ್ತಾರು ವರ್ಷ. ವಾರಕ್ಕೆ ಮೂರು ದಿನ ಬೆಳಿಗ್ಗೆ ಚನ್ನಗಿರಿ ರಸ್ತೆಯಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ತುಳಿಯುತ್ತೇನೆ. ಭಾನುವಾರಗಳಂದು ಎಂಬತ್ತು ಕಿಲೋಮೀಟರ್‌ವರೆಗೆ ಹೋಗಿ ಬಂದ ಅಭ್ಯಾಸವಿದೆ. ಆದರೆ ಅದೆಲ್ಲವೂ ಹೆಚ್ಚುಕಡಿಮೆ ಸಮತಟ್ಟಾದ ದಾರಿ, ಮತ್ತು ಸಂಜೆಗೆ ಮನೆ ಸೇರುವ ದಾರಿ.

ನಾನು ಹಾಕಿಕೊಂಡ ಯೋಜನೆ ಹೀಗಿದೆ. ಮೊದಲ ದಿನ ಶಿವಮೊಗ್ಗದಿಂದ ಸಕ್ರೆಬೈಲು, ಮಂಡಗದ್ದೆ ಮಾರ್ಗವಾಗಿ ತೀರ್ಥಹಳ್ಳಿ. ಎರಡನೆಯ ದಿನ ಆಗುಂಬೆ ಘಾಟಿ ಇಳಿದು ಹೆಬ್ರಿ. ಮೂರನೆಯ ದಿನ ಹೆಬ್ರಿಯಿಂದ ಕುಂದಾಪುರದ ಕಡೆಯ ಸಿದ್ದಾಪುರ, ಹೊಸಂಗಡಿ ದಾಟಿ ಹುಲಿಕಲ್ ಘಾಟಿ ಹತ್ತಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರು. ನಾಲ್ಕನೆಯ ದಿನ ಹೊಸನಗರದ ಮೇಲೆ ಸಾಗರ. ಐದನೆಯ ದಿನ ಜೋಗ ನೋಡಿಕೊಂಡು ತಾಳಗುಪ್ಪಕ್ಕೆ ಬಂದು, ಅಲ್ಲಿಂದ ರೈಲಿನಲ್ಲಿ ಸೈಕಲ್ ಹಾಕಿಕೊಂಡು ವಾಪಸ್ಸು. ಆರನೆಯ ದಿನವನ್ನು ಮಳೆಗೋ ಪಂಕ್ಚರಿಗೋ ಎಂದು ಬಿಟ್ಟುಕೊಂಡಿದ್ದೇನೆ.

ನನ್ನದು 700 ಅಳತೆಯ ಚಕ್ರದ ಹೈಬ್ರಿಡ್ ಸೈಕಲ್. ಮುಂದೆ 48, 38, 28 ಹಲ್ಲುಗಳ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಗೇರು. ರಿಮ್ ಬ್ರೇಕ್. ಹಿಂದಿನ ಕ್ಯಾರಿಯರಿಗೆ ಎರಡು ಚೀಲ ತೂಗುಹಾಕುತ್ತೇನೆ. ಟೆಂಟ್ ಸೇರಿದರೆ ಸಾಮಾನು ಹದಿನಾಲ್ಕು ಕಿಲೋ ಆಗುತ್ತದೆ.

ನನ್ನ ಪ್ರಶ್ನೆಗಳು ಮುಖ್ಯವಾಗಿ ಎರಡು. ಈ ಎರಡು ಘಾಟಿಗಳಲ್ಲಿ ಯಾವುದನ್ನು ಇಳಿಯುವುದು, ಯಾವುದನ್ನು ಹತ್ತುವುದು ಒಳ್ಳೆಯದು? ಇನ್ನು, ದಾರಿಯಲ್ಲಿ ಎಲ್ಲಾದರೂ ಕಾಡಂಚಿನಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಕಳೆಯಬೇಕೆಂಬ ಆಸೆಯಿದೆ, ಅದು ಸಾಧ್ಯವೇ? ಮನೆಯಲ್ಲಿ ಹೆಂಡತಿಗೂ ತಾಯಿಗೂ ನಾನು ಒಬ್ಬನೇ ಹೋಗುವುದು ಇಷ್ಟವಿಲ್ಲ. ಜೊತೆಗೆ ಬರುತ್ತೇನೆಂದಿದ್ದ ಗೆಳೆಯನಿಗೆ ಮಂಡಿನೋವು ಬಂದಿದೆ. ನಿಜ ಹೇಳಬೇಕೆಂದರೆ, ಅವನು ಬರುವುದಿಲ್ಲವೆಂದಾಗ ನನಗೆ ಬೇಸರಕ್ಕಿಂತ ಹೆಚ್ಚಾಗಿ ಹಗುರವಾಯಿತು, ಏಕೆಂದರೆ ಒಬ್ಬನೇ ನನ್ನ ಗತಿಯಲ್ಲಿ ಹೋಗಬೇಕೆಂಬುದೇ ಮೊದಲಿನಿಂದ ಇದ್ದ ಆಸೆ. ಹಾಗಾಗಿ ಜೊತೆ ಹುಡುಕಿಕೊಳ್ಳಿ ಎಂಬ ಸಲಹೆಯೊಂದನ್ನು ಬಿಟ್ಟು ಬೇರೆ ಏನನ್ನೇ ಹೇಳಿದರೂ ಶ್ರದ್ಧೆಯಿಂದ ಕೇಳುತ್ತೇನೆ.


ರಾಮತೀರ್ಥದ ಬಳಿಯವನು, ತೀರ್ಥಹಳ್ಳಿ

ಭದ್ರಾವತಿಯವರೇ, ನೀವು ಆರಿಸಿದ ದಾರಿ ಚೆನ್ನಾಗಿದೆ. ದಿಕ್ಕನ್ನು ಮಾತ್ರ ತಿರುಗಿಸಿ. ಹುಲಿಕಲ್ ಇಳಿಯಿರಿ, ಆಗುಂಬೆ ಹತ್ತಿ. ಎರಡನ್ನೂ ಎರಡೂ ದಿಕ್ಕಿನಲ್ಲಿ ಹಲವು ಸಲ ತುಳಿದವನ ಮಾತಿದು.

ಮೊದಲನೆಯ ಕಾರಣ ವಾಹನಗಳು. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ರಸ್ತೆ ಕಿರಿದು, ತಿರುವುಗಳು ಬಿಗಿ. ಅದಕ್ಕಾಗಿಯೇ ಅಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲ, ಓಡಾಡುವುದು ಮಿನಿಬಸ್ಸುಗಳು ಮತ್ತು ಕಾರುಗಳು. ಹುಲಿಕಲ್ಲಿನಲ್ಲಿ, ಅಂದರೆ ಬಾಳೆಬರೆ ಘಾಟಿಯಲ್ಲಿ, ಕುಂದಾಪುರದ ಕಡೆಯಿಂದ ತುಂಬಿದ ಲಾರಿಗಳು ಹತ್ತುತ್ತವೆ. ಸಾಮಾನು ಹೇರಿದ ಸೈಕಲ್ಲಿನಲ್ಲಿ ಘಾಟಿ ಹತ್ತುವಾಗ ನಿಮ್ಮ ವೇಗ ಗಂಟೆಗೆ ಆರು ಕಿಲೋಮೀಟರ್ ಇದ್ದರೆ ಹೆಚ್ಚು. ಆ ವೇಗದಲ್ಲಿ ಒಂದೂವರೆಯಿಂದ ಎರಡು ಗಂಟೆಯ ಕಾಲ ಬೆನ್ನಹಿಂದೆ ಲಾರಿಯ ಹೊಗೆ ಮತ್ತು ಹಾರನ್ ಸಹಿಸುವುದಕ್ಕೂ, ಇಳಿಯುವಾಗ ಅರ್ಧ ಗಂಟೆಯಲ್ಲಿ ಅವುಗಳ ಎದುರಿನಿಂದ ಹಾದುಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಎರಡನೆಯ ಕಾರಣ ಬಿಸಿಲು. ಘಟ್ಟದ ಈ ಮುಖ ಪಶ್ಚಿಮಕ್ಕಿದೆ. ಬೆಳಿಗ್ಗೆ ಸೂರ್ಯ ಬೆಟ್ಟದ ಹಿಂದಿರುತ್ತಾನೆ. ಸೋಮೇಶ್ವರದಿಂದ ಆರೂವರೆಗೆ ಹತ್ತಲು ಶುರುಮಾಡಿದರೆ ಆಗುಂಬೆ ತಲುಪುವವರೆಗೂ ಕಾಡಿನ ನೆರಳು, ಬೆಟ್ಟದ ನೆರಳು ಎರಡೂ ಸಿಗುತ್ತವೆ. ಅದೇ ದಾರಿಯನ್ನು ಮಧ್ಯಾಹ್ನ ಮೂರಕ್ಕೆ ಹತ್ತಿ ನೋಡಿದ್ದೇನೆ, ಬಿಸಿಲೆಲ್ಲ ಎದುರಿಗೇ ಬಂದು ಬೀಳುತ್ತದೆ. ಸಂಜೆಗೆ ಸೂರ್ಯಾಸ್ತ ನೋಡುವವರ ಕಾರುಗಳೂ ಸೇರಿಕೊಳ್ಳುತ್ತವೆ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದ ಮಾತು ಘಾಟಿಯದಲ್ಲ. ಬಯಲುಸೀಮೆಯ ರಸ್ತೆಯಲ್ಲಿ ಪಳಗಿ ಬಂದವರು ಘಾಟಿಗೆ ಹೆದರಿಕೊಂಡು ಅದಕ್ಕೆ ತಯಾರಾಗಿಯೇ ಬರುತ್ತಾರೆ, ಹತ್ತಿಯೂ ಹತ್ತುತ್ತಾರೆ. ಅವರ ಕಾಲು ಸೋಲುವುದು ಘಟ್ಟದ ಮೇಲಿನ ದಿಬ್ಬಗಳಲ್ಲಿ. ನಮ್ಮ ಕಡೆ ರಸ್ತೆಯೆಂದರೆ ಒಂದು ಧರೆಯ, ಅಂದರೆ ಕಡಿದಾದ ಮಣ್ಣಿನ ದಿಣ್ಣೆಯ, ಪಕ್ಕದಲ್ಲಿ ಸುತ್ತಿ ಇಳಿಯುವುದು, ಕೆಳಗೆ ಹಳ್ಳ, ಹಳ್ಳಕ್ಕೊಂದು ಮೋರಿ, ಮೋರಿಯ ಆಚೆಗೆ ಮತ್ತೆ ಚಡಾವು. ಇಳಿಜಾರಿನಲ್ಲಿ ಸಿಕ್ಕ ಓಟವೆಲ್ಲ ಮೋರಿಯ ಮೇಲಿನ ತಿರುವಿನಲ್ಲಿ ಬ್ರೇಕಿಗೆ ಹೋಗುತ್ತದೆ, ಚಡಾವನ್ನು ಸೊನ್ನೆಯಿಂದ ತುಳಿಯಬೇಕಾಗುತ್ತದೆ. ಒಂದೊಂದೂ ಇಪ್ಪತ್ತು ಮೀಟರಿನಷ್ಟೇ ಎತ್ತರ ಎಂದು ಇಟ್ಟುಕೊಳ್ಳಿ. ದಿನಕ್ಕೆ ಅಂಥ ನಲವತ್ತು ದಿಬ್ಬ ಸಿಕ್ಕರೆ ಎಂಟುನೂರು ಮೀಟರ್ ಹತ್ತಿದಂತಾಯಿತು, ಅದು ಸೋಮೇಶ್ವರದಿಂದ ಆಗುಂಬೆಗೆ ಹತ್ತುವುದಕ್ಕಿಂತ ಹೆಚ್ಚು. ಘಾಟಿಯಲ್ಲಿ ಒಂದು ಲಯ ಸಿಗುತ್ತದೆ, ಉಸಿರು ಅದಕ್ಕೆ ಹೊಂದಿಕೊಳ್ಳುತ್ತದೆ. ಈ ದಿಬ್ಬಗಳಲ್ಲಿ ಲಯವೇ ಸಿಗುವುದಿಲ್ಲ. ಆದ್ದರಿಂದ ದಿನದ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕಬೇಡಿ. ಮ್ಯಾಪಿನಲ್ಲಿ ದಾರಿ ಗುರುತಿಸಿದಾಗ ಒಟ್ಟು ಎಷ್ಟು ಮೀಟರ್ ಏರು ಎಂದೂ ತೋರಿಸುತ್ತದೆ. ನಿಮ್ಮ ಸೈಕಲ್ಲಿಗೆ, ಸಾಮಾನಿಗೆ, ಅಭ್ಯಾಸಕ್ಕೆ ದಿನಕ್ಕೆ ಎಂಟುನೂರರಿಂದ ಸಾವಿರ ಮೀಟರ್ ಸಾಕು. ಚನ್ನಗಿರಿ ರಸ್ತೆಯ ಎಂಬತ್ತು ಕಿಲೋಮೀಟರ್ ಇಲ್ಲಿ ಐವತ್ತಕ್ಕೆ ಸಮ ಎಂದುಕೊಂಡು ಹೊರಟರೆ ಯಾವ ಊರಿಗೂ ಕತ್ತಲಾದ ಮೇಲೆ ತಲುಪುವ ಪ್ರಮೇಯ ಬರುವುದಿಲ್ಲ.

ಹಾಗಾಗಿ ನಿಮ್ಮ ಐದು ದಿನದ ದಾರಿಯನ್ನು ತಿರುವುಮುರುವು ಮಾಡಿ ಆರು ದಿನಕ್ಕೆ ಹಂಚುತ್ತೇನೆ. ಮೊದಲ ದಿನವೇ ರೈಲಿನಲ್ಲಿ ತಾಳಗುಪ್ಪಕ್ಕೆ ಹೋಗಿ, ಜೋಗ ನೋಡಿ, ಸಾಗರಕ್ಕೆ ಬಂದು ಉಳಿಯಿರಿ. ಎರಡನೆಯ ದಿನ ಬಟ್ಟೆಮಲ್ಲಪ್ಪ, ಹೊಸನಗರದ ಮೇಲೆ ನಗರ. ಮಧ್ಯಾಹ್ನದೊಳಗೆ ಮುಟ್ಟಿದರೆ ಕೋಟೆಯನ್ನು ನಿಧಾನವಾಗಿ ನೋಡಬಹುದು; ಅದು ಕೆಳದಿಯವರ ರಾಜಧಾನಿ ಬಿದನೂರು, 1763ರಲ್ಲಿ ಹೈದರಾಲಿಯ ವಶವಾದದ್ದು, ರಸ್ತೆಯ ಪಕ್ಕದಲ್ಲೇ ಇದೆ. ಮೂರನೆಯ ದಿನ ಮಾಸ್ತಿಕಟ್ಟೆ, ಹುಲಿಕಲ್ ದಾಟಿ ಘಾಟಿ ಇಳಿದು ಸಿದ್ದಾಪುರ. ನಾಲ್ಕನೆಯ ದಿನ ಹೆಬ್ರಿವರೆಗೆ ಮಾತ್ರ, ಸಂಜೆ ಬೇಗ ಮಲಗಿ. ಐದನೆಯ ದಿನ ನಸುಕಿಗೆ ಎದ್ದು ಆಗುಂಬೆ ಹತ್ತಿ, ಮೇಲೆ ತಿಂಡಿ ತಿಂದು, ಉಳಿದ ಮೂವತ್ತು ಚಿಲ್ಲರೆ ಕಿಲೋಮೀಟರನ್ನು ಸಾವಕಾಶವಾಗಿ ತುಳಿದು ತೀರ್ಥಹಳ್ಳಿ. ಆರನೆಯ ದಿನ ತುಂಗೆಯ ಜೊತೆಯಲ್ಲೇ ಶಿವಮೊಗ್ಗಕ್ಕೆ. ಘಾಟಿ ಹತ್ತುವ ಹೊತ್ತಿಗೆ ನಿಮ್ಮ ಕಾಲು ನಾಲ್ಕು ದಿನ ಪಳಗಿರುತ್ತದೆ ಎಂಬುದು ಈ ದಿಕ್ಕಿನ ಮೂರನೆಯ ಲಾಭ. ಮಳೆಗೆಂದು ಇಟ್ಟ ದಿನ ಹೋಯಿತಲ್ಲ ಎನ್ನಬೇಡಿ; ಎಲ್ಲ ದಿನವೂ ಚಿಕ್ಕದಾದುದರಿಂದ ಅರ್ಧ ದಿನದ ಮಳೆಯನ್ನು ಎಲ್ಲಿ ಬೇಕಾದರೂ ತಡೆದುಕೊಳ್ಳಬಹುದು.


ಸೀತಾನದಿ, ಹೆಬ್ರಿ

ಮೇಲಿನವರ ದಿಕ್ಕನ್ನು ನಾನೂ ಒಪ್ಪುತ್ತೇನೆ, ಆದರೆ ಆಗುಂಬೆ ಹತ್ತುವುದು ಅಷ್ಟು ಸಲೀಸು ಎಂದು ಓದುಗರು ತಿಳಿಯಬಾರದು. ಸರಾಸರಿ ಏರು ಸಾಧಾರಣವೇ ಇರಬಹುದು, ತಿರುವುಗಳಲ್ಲಿ ಹಾಗಿಲ್ಲ. ನಮ್ಮಲ್ಲಿ ಎಡಬದಿಯ ಸಂಚಾರವಾದ್ದರಿಂದ, ಎಡಕ್ಕೆ ಹೊರಳುವ ಪ್ರತಿಯೊಂದು ಹೇರ್‌ಪಿನ್ನಿನಲ್ಲೂ ಹತ್ತುವವನ ಪಾಲಿಗೆ ಒಳಬದಿ ಬರುತ್ತದೆ. ಒಳಬದಿಯೆಂದರೆ ಗೋಡೆ ಹತ್ತಿದ ಹಾಗೆ. ಹಿಂದೆ ಹದಿನಾಲ್ಕು ಕಿಲೋ ಇದ್ದರೆ ಮುಂದಿನ ಚಕ್ರ ಎದ್ದಂತಾಗುತ್ತದೆ. ಅಂಥ ಕಡೆ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ಘಾಟಿಯ ನಿಯಮ, ಆದರೆ ಸೈಕಲ್ಲನ್ನು ವಾಹನವೆಂದು ಎಣಿಸುವವರು ಕಡಿಮೆ. ಆದ್ದರಿಂದ ತಿರುವಿಗೆ ಇಪ್ಪತ್ತು ಮೀಟರ್ ಮೊದಲೇ ಕಿವಿಗೊಟ್ಟು, ಮೇಲಿನಿಂದ ಮಿನಿಬಸ್ಸಿನ ಸದ್ದು ಬಂದರೆ ನಿಂತುಬಿಡಿ.

ಹುಲಿಕಲ್ ಇಳಿಯುವ ಬಗ್ಗೆ ಯಾರೂ ಹೇಳದ ಒಂದು ಮಾತನ್ನು ಹೇಳುತ್ತೇನೆ. ನೀವು, ಸೈಕಲ್, ಸಾಮಾನು ಸೇರಿ ತೊಂಬತ್ತೈದು ಕಿಲೋ ಎಂದು ಹಿಡಿದರೆ, ಐನೂರು ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಲು ಸಾಕು. ವೇಗವಾಗಿ ಬಿಟ್ಟರೆ ಅದರಲ್ಲಿ ಬಹುಪಾಲನ್ನು ಗಾಳಿ ನುಂಗುತ್ತದೆ. ಬ್ರೇಕು ಹಿಡಿದುಕೊಂಡೇ ಮೆಲ್ಲಗೆ ಇಳಿದರೆ ಅಷ್ಟೂ ಶಾಖ ನಿಮ್ಮ ಎರಡು ರಿಮ್ಮುಗಳಿಗೆ ಹೋಗುತ್ತದೆ. ರಿಮ್ಮು ಕಾದರೆ ಒಳಗಿನ ಟ್ಯೂಬು ಒಡೆಯುವ ಅಪಾಯವಿದೆ. ಹಾಗೆಂದು ವೇಗವಾಗಿ ಬಿಡುವಂತೆಯೂ ಇಲ್ಲ, ಏಕೆಂದರೆ ಹತ್ತುವ ಲಾರಿಗೆ ತಿರುವಿನಲ್ಲಿ ಇಡೀ ರಸ್ತೆ ಬೇಕು. ನಾನು ಮಾಡುವುದು ಇಷ್ಟು: ನೇರ ದಾರಿಯಲ್ಲಿ ಸ್ವಲ್ಪ ಬಿಟ್ಟು, ತಿರುವಿಗೆ ಮೊದಲೇ ಎರಡೂ ಬ್ರೇಕುಗಳನ್ನು ಒಟ್ಟಿಗೆ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಮತ್ತೆ ಪೂರ್ತಿ ಬಿಡುವುದು. ಮೂರು ನಾಲ್ಕು ಕಡೆ ನಿಂತು ಬೆರಳಿನಿಂದ ರಿಮ್ಮನ್ನು ಒಂದು ಕ್ಷಣ ಮುಟ್ಟಿ ನೋಡುವುದು. ಬೆರಳು ಇಡಲಾಗದಿದ್ದರೆ ಐದು ನಿಮಿಷ ಕೂರುವುದು. ಹೊರಡುವ ಮೊದಲು ಹೊಸ ಬ್ರೇಕ್ ರಬ್ಬರು ಹಾಕಿಸಿ, ಹಳೆಯದು ಚೆನ್ನಾಗಿಯೇ ಇದೆ ಎನಿಸಿದರೂ.

ನಸುಕಿನಲ್ಲಿ ಮಂಜು ಇರುತ್ತದೆ, ಆಗುಂಬೆಯ ಮೇಲ್ಗಡೆ ಇನ್ನೂ ದಟ್ಟ. ಹಿಂದಿನ ಕೆಂಪು ದೀಪವನ್ನು ಹಗಲಲ್ಲೂ ಹಾಕಿಕೊಂಡೇ ಹತ್ತಿ. ಘಾಟಿ ಸೋಮೇಶ್ವರ ವನ್ಯಜೀವಿ ಧಾಮದೊಳಗೆ ಹಾದುಹೋಗುತ್ತದೆ, ತಿರುವುಗಳಲ್ಲಿ ಮಂಗಗಳು ಕಾದಿರುತ್ತವೆ. ಬಾಳೆಹಣ್ಣನ್ನು ಚೀಲದ ಹೊರಗೆ ತೂಗುಹಾಕಿಕೊಂಡು ಹೋದರೆ ಸೈಕಲ್ಲೇ ಉರುಳೀತು.


ಸ್ಪೋಕು, ಶಿವಮೊಗ್ಗ

ಸೈಕಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ. ನಿಮ್ಮ ಅತಿ ಹಗುರ ಗೇರು ಈಗ ಮುಂದೆ 28, ಹಿಂದೆ 28. ಪೆಡಲು ಒಂದು ಸುತ್ತು ಹಾಕಿದರೆ ಚಕ್ರವೂ ಒಂದು ಸುತ್ತು, ಅಂದರೆ ಸುಮಾರು 2.17 ಮೀಟರ್ ಮುಂದಕ್ಕೆ. ಗಂಟೆಗೆ ಆರು ಕಿಲೋಮೀಟರಿನಲ್ಲಿ ಹತ್ತುವಾಗ ಅದು ನಿಮಿಷಕ್ಕೆ 46 ಸುತ್ತು ಆಗುತ್ತದೆ, ಮಂಡಿಯ ಮೇಲೆ ಭಾರ ಬೀಳುವ ಗತಿ. ಹಿಂದಿನ ಫ್ರೀವೀಲನ್ನು, ಅಂದರೆ ಏಳು ಗೇರಿನ ಹಲ್ಲುಚಕ್ರಗಳ ಗುಂಪನ್ನು, 14ರಿಂದ 34 ಹಲ್ಲಿನದಕ್ಕೆ ಬದಲಾಯಿಸಿದರೆ ಒಂದು ಸುತ್ತಿಗೆ 1.79 ಮೀಟರ್ ಆಗಿ, ಅದೇ ವೇಗದಲ್ಲಿ 56 ಸುತ್ತು ತುಳಿಯಬಹುದು. ಕೇಳಲು ಚಿಕ್ಕ ವ್ಯತ್ಯಾಸ, ಐದನೆಯ ದಿನ ಮಂಡಿಗೆ ದೊಡ್ಡ ವ್ಯತ್ಯಾಸ. ಏಳು ಗೇರಿನ ಅಂಥ ಫ್ರೀವೀಲು ಸಿಗುತ್ತದೆ, ದುಬಾರಿಯೂ ಅಲ್ಲ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ 34 ಹಲ್ಲನ್ನು ತಾಳುವಂಥದ್ದೇ ಎಂದು ಅಂಗಡಿಯಲ್ಲಿ ನೋಡಿಸಿ, ಚೈನನ್ನೂ ಹೊಸದಾಗಿ ಅಳತೆಗೆ ಹಾಕಿಸಿ. ಹೊರಡುವುದಕ್ಕೆ ಹದಿನೈದು ದಿನ ಮೊದಲೇ ಈ ಕೆಲಸ ಮುಗಿಯಲಿ, ಹಿಂದಿನ ದಿನವಲ್ಲ.

ಹಳ್ಳಿಯ ಸೈಕಲ್ ಶಾಪುಗಳಲ್ಲಿ 26 ಅಂಗುಲದ ಟ್ಯೂಬು ಸಿಗುತ್ತದೆ, ನಿಮ್ಮ 700 ಅಳತೆಯದು ಸಿಗುವ ಭರವಸೆಯಿಲ್ಲ. ಆದ್ದರಿಂದ ಎರಡು ಟ್ಯೂಬು, ಪ್ಯಾಚು, ಪಂಪು ನಿಮ್ಮ ಬಳಿಯೇ ಇರಲಿ. ಹಿಂದಿನ ಚಕ್ರದ ಬಲಗಡೆಯ, ಅಂದರೆ ಚೈನಿನ ಕಡೆಯ ಸ್ಪೋಕುಗಳೇ ಭಾರಕ್ಕೆ ಮುರಿಯುವುದು. ಆ ಅಳತೆಯ ಮೂರು ಸ್ಪೋಕುಗಳನ್ನು ಸೈಕಲ್ಲಿನ ಅಡ್ಡಪಟ್ಟಿಗೆ ಟೇಪಿನಲ್ಲಿ ಸುತ್ತಿಕೊಂಡು ಹೋಗಿ. ರೈಲಿನ ವಿಷಯ: ಲಗೇಜು ಬೋಗಿಯಿರುವ ಗಾಡಿ ಯಾವುದೆಂದು ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡು, ಹೊರಡುವ ದಿನ ಒಂದು ಗಂಟೆ ಮುಂಚೆ ಹೋಗಿ. ದೀಪ, ಬಾಟಲಿ, ಚೀಲ ಎಲ್ಲವನ್ನೂ ಬಿಚ್ಚಿಕೊಂಡು ಬರೀ ಸೈಕಲ್ಲನ್ನು ಮಾತ್ರ ಒಪ್ಪಿಸಿ.


ವರದಾಮೂಲದವಳು, ಸಾಗರ

ಅಣ್ಣಾ, ನಾನು ಈ ಭಾಗದಲ್ಲಿ ಏಳು ವರ್ಷಗಳಿಂದ ಒಬ್ಬಳೇ ಸೈಕಲ್ ಹೊಡೆಯುತ್ತಿದ್ದೇನೆ. ಒಬ್ಬಳೇ ಏಕೆ ಎಂದು ನನ್ನನ್ನು ಕೇಳದ ಊರಿಲ್ಲ, ಆದರೆ ಕೇಳಿದ ಮೇಲೆ ನೀರು ಕೊಡದೆ ಕಳುಹಿಸಿದ ಮನೆಯೂ ಇಲ್ಲ. ಟೆಂಟಿನ ವಿಷಯದಲ್ಲಿ ಮಾತ್ರ ನನ್ನ ಉತ್ತರ ಸ್ಪಷ್ಟ: ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗುವುದು ಕಾನೂನಿಗೆ ವಿರುದ್ಧ, ಕಾಡುಕೋಣಗಳು ಕತ್ತಲಾದ ಮೇಲೆ ತೋಟದಂಚಿಗೆ ಬರುತ್ತವೆ. ಇವೆರಡೂ ನಿಮಗೆ ಗೊತ್ತಿರಬಹುದು. ಹೊರಗಿನವರು ಮರೆಯುವುದು ಉಣುಗನ್ನು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯನ್ನು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರ ವೈರಸ್ಸು ಹರಡುವುದು ಉಣುಗಿನ ಕಡಿತದಿಂದ. ಮಳೆ ನಿಂತು ಎಲೆ ಒಣಗತೊಡಗುವ ನವೆಂಬರ್, ಡಿಸೆಂಬರಿನಿಂದ ಬೇಸಿಗೆಯವರೆಗೆ ಅದರ ಕಾಲ. 2018–19ರ ಚಳಿಗಾಲದಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಜೋರಾಗಿ ಬಂದಾಗ ದರಗು (ಉದುರಿದ ಒಣ ಎಲೆ) ಗುಡಿಸಲು ಕಾಡಿಗೆ ಹೋಗುವುದನ್ನೇ ಜನ ಬಿಟ್ಟಿದ್ದರು. ಎಲ್ಲ ಉಣುಗಿನಲ್ಲೂ ಕಾಯಿಲೆ ಇರುವುದಿಲ್ಲ, ರಸ್ತೆಯ ಮೇಲೆ ಸೈಕಲ್ ತುಳಿಯುವವನಿಗೆ ಅಪಾಯ ಬಹಳ ಕಡಿಮೆ. ಆದರೆ ಕಾಡಂಚಿನ ದರಗಿನ ಮೇಲೆ ಚಾಪೆ ಹಾಸಿ ಮಲಗುವುದು ಎಂದರೆ ಅದನ್ನು ಕರೆದು ಕೂರಿಸಿಕೊಂಡಂತೆ. ದಣಿವಾರಿಸಿಕೊಳ್ಳಲು ಮೋರಿಯ ಕಟ್ಟೆಯ ಮೇಲೋ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೋ ಕೂರಿ. ಸಂಜೆ ಬಿಸಿನೀರಿನಲ್ಲಿ ಮೈ ಉಜ್ಜಿ ಸ್ನಾನ ಮಾಡಿ, ಹಾಕಿದ ಬಟ್ಟೆಯನ್ನು ಬಿಸಿನೀರಿಗೇ ಹಾಕಿ ಒಗೆಯಿರಿ. ಆರೋಗ್ಯ ಕೇಂದ್ರಗಳಲ್ಲಿ ಕಾಯಿಲೆಯ ಕಾಲದಲ್ಲಿ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಕೊಡುತ್ತಾರೆ, ಕೇಳಿ ಪಡೆದು ಕಾಲಿಗೆ ಹಚ್ಚಿಕೊಳ್ಳಿ. ಊರಿಗೆ ಮರಳಿದ ಮೇಲೆ ಎರಡು ವಾರದೊಳಗೆ ಜೋರು ಜ್ವರ ಬಂದರೆ ವೈದ್ಯರಿಗೆ ಮಲೆನಾಡಿನಲ್ಲಿ ತಿರುಗಿದ್ದನ್ನು ಮರೆಯದೆ ಹೇಳಿ. ಇಂಬಳದ (ಜಿಗಣೆಯ) ವಿಷಯಕ್ಕೆ ಹೆದರಬೇಡಿ. ನವೆಂಬರ್ ಕೊನೆಗೆ ರಸ್ತೆಬದಿಯಲ್ಲಿ ಅವು ಬಹುತೇಕ ಇರುವುದಿಲ್ಲ. ಹತ್ತಿದರೂ ಉಪ್ಪು ತಾಗಿಸಿದರೆ ಬಿಡುತ್ತದೆ, ನೋವಿಲ್ಲ.

ಟೆಂಟು, ಅದರ ಚಾಪೆ, ಮಲಗುವ ಚೀಲ ಬಿಟ್ಟರೆ ನಿಮ್ಮ ಸಾಮಾನು ಎಂಟೊಂಬತ್ತು ಕಿಲೋಗೆ ಇಳಿಯುತ್ತದೆ. ಹತ್ತುವ ಶ್ರಮವೆಲ್ಲ ಒಟ್ಟು ಭಾರದ ಲೆಕ್ಕವಾದ್ದರಿಂದ, ಇದು ಮೇಲಿನವರು ಹೇಳಿದ ಫ್ರೀವೀಲಿಗೆ ಸೇರಿ ನಿಮ್ಮನ್ನು ಕಾಪಾಡುತ್ತದೆ. ಉಳಿಯಲು ಸಾಗರ, ಹೆಬ್ರಿ, ತೀರ್ಥಹಳ್ಳಿಯಲ್ಲಿ ತೊಂದರೆಯಿಲ್ಲ. ನಗರಕ್ಕೂ ಸಿದ್ದಾಪುರಕ್ಕೂ ಮಾತ್ರ ಹೊರಡುವ ಮೊದಲೇ ಫೋನಿನಲ್ಲಿ ಮಾತಾಡಿ ಗಟ್ಟಿಮಾಡಿಕೊಳ್ಳಿ. ನಗರದಲ್ಲಿ ಆಗದಿದ್ದರೆ ಹೊಸನಗರದಲ್ಲೇ ನಿಂತು ಮರುದಿನ ಬೇಗ ಹೊರಡಬಹುದು.

ನವೆಂಬರಿನಲ್ಲಿ ಅಕಾಲದ ಮಳೆ ಬಂದರೆ ಏನು ಮಾಡುವುದೆಂಬುದಕ್ಕೆ ನನಗಾದ ಒಂದು ಅನುಭವ ಹೇಳುತ್ತೇನೆ. ಮೂರು ವರ್ಷದ ಕೆಳಗೆ ಮಾಸ್ತಿಕಟ್ಟೆಯ ಕಡೆಯಿಂದ ಬರುತ್ತಿದ್ದೆ. ಮಧ್ಯಾಹ್ನ ಮೋಡ ಕವಿದು ಒಂದು ಗಂಟೆ ಸುರಿಯಿತು. ನನ್ನ ಸೈಕಲ್ಲಿಗೆ ಮಡ್‌ಗಾರ್ಡ್ ಇರಲಿಲ್ಲ, ಹಿಂದಿನ ಚಕ್ರ ಕೆಂಪು ಕೆಸರನ್ನೆಲ್ಲ ಬೆನ್ನಿಗೆ, ಚೀಲಕ್ಕೆ ಎರಚುತ್ತಿತ್ತು. ಅಡಿಕೆ ಬೇಯಿಸುತ್ತಿದ್ದ ಒಂದು ಮನೆಯ ಜಗುಲಿಗೆ ಹತ್ತಿ ನಿಂತೆ. ಆ ಮನೆಯ ಅಜ್ಜ ನನ್ನನ್ನು ನೋಡಲಿಲ್ಲ, ಸೈಕಲ್ಲನ್ನು ನೋಡಿದರು. ತೋಟದಿಂದ ಆಗಷ್ಟೇ ಬಿದ್ದಿದ್ದ ಒಂದು ಅಡಿಕೆಹಾಳೆ ತಂದು, ಕತ್ತಿಯಿಂದ ಎರಡೂ ಅಂಚು ಸವರಿ, ಒದ್ದೆ ಹಾಳೆಯನ್ನು ಮೊಣಕಾಲ ಮೇಲೆ ಬಾಗಿಸಿ ಚಕ್ರದ ದುಂಡಿಗೆ ಹೊಂದಿಸಿದರು. ಕತ್ತಿಯ ಮೊನೆಯಿಂದ ನಾಲ್ಕು ತೂತು ಮಾಡಿ, ಬಾಳೆಪಟ್ಟೆಯ ದಾರದಿಂದ ಕ್ಯಾರಿಯರಿನ ಕೆಳಗೆ ಕಟ್ಟಿದರು. ಅಷ್ಟು ಹೊತ್ತಿಗೆ ಅಜ್ಜಿ ಕಷಾಯ ತಂದರು. ಒಣಗಿದಂತೆ ಹಾಳೆ ಇನ್ನಷ್ಟು ಗಟ್ಟಿಯಾಗಿ ಅದೇ ಬಾಗಿನಲ್ಲಿ ಉಳಿಯಿತು. ಮನೆ ಮುಟ್ಟುವವರೆಗೆ ಮೂರು ದಿನ ಒಂದು ಹನಿ ಕೆಸರೂ ಮೇಲೆ ಬರಲಿಲ್ಲ. ಅವರ ಹೆಸರು ಕೇಳಿಕೊಳ್ಳಲಿಲ್ಲವೆಂಬ ಬೇಸರ ನನಗೆ ಇವತ್ತಿಗೂ ಇದೆ. ಜೊತೆಯಲ್ಲಿ ನಾಲ್ಕು ಜನ ಇದ್ದಿದ್ದರೆ ನಾವು ನಾವೇ ಮಾತಾಡಿಕೊಂಡು ಮಳೆ ನಿಂತ ಕೂಡಲೇ ಹೊರಟುಬಿಡುತ್ತಿದ್ದೆವೇನೋ.

ಮನೆಯವರ ಆತಂಕಕ್ಕೆ ಒಂದು ದಾರಿ ಇದೆ. ಘಾಟಿಯಲ್ಲಿ, ಮಾಸ್ತಿಕಟ್ಟೆಯ ಆಸುಪಾಸಿನಲ್ಲಿ ಫೋನಿಗೆ ಸಿಗ್ನಲ್ ಸಿಗದ ಜಾಗ ಬಹಳ. ನೀವು ಗಂಟೆಗೊಮ್ಮೆ ಫೋನ್ ಮಾಡುತ್ತೇನೆಂದು ಮಾತು ಕೊಟ್ಟರೆ ಅದು ತಪ್ಪಿದ ಮೊದಲ ಗಂಟೆಯಲ್ಲೇ ಮನೆಯಲ್ಲಿ ಗಾಬರಿಯಾಗುತ್ತದೆ. ಅದರ ಬದಲು ದಿನಕ್ಕೆ ಮೂರು ಊರಿನ ಹೆಸರು ಬರೆದು ಕೊಡಿ: ಹೊರಟ ಊರು, ಊಟದ ಊರು, ತಂಗುವ ಊರು. ಆ ಮೂರು ಊರಿನಿಂದ ಖಂಡಿತ ಫೋನ್ ಮಾಡಿ, ನಡುವೆ ಮಾಡುವುದಿಲ್ಲವೆಂದೂ ಹೇಳಿ. ನನ್ನ ಅಮ್ಮ ಈ ಏರ್ಪಾಟಿನ ಮೇಲೆಯೇ ಏಳು ವರ್ಷಗಳಿಂದ ನೆಮ್ಮದಿಯಾಗಿದ್ದಾರೆ. ತುರ್ತಿಗೆ 112, ಆಂಬುಲೆನ್ಸಿಗೆ 108 ಎಂಬುದನ್ನು ಚೀಟಿಯಲ್ಲಿ ಬರೆದು, ರಕ್ತದ ಗುಂಪು ಮತ್ತು ಮನೆಯ ನಂಬರಿನ ಜೊತೆ ಹ್ಯಾಂಡಲಿನ ಚೀಲದಲ್ಲಿ ಇಟ್ಟುಕೊಳ್ಳಿ.


ಭದ್ರೆಯ ದಡದವನು, ಭದ್ರಾವತಿ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆ. ನಿನ್ನೆ ರಾತ್ರಿ ಊಟವಾದ ಮೇಲೆ ಇಷ್ಟನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಟೆಂಟು ಬಿಡುತ್ತೇನೆಂದ ಕೂಡಲೇ ತಾಯಿಯ ಮುಖ ಅರ್ಧ ತಿಳಿಯಾಯಿತು. ಮೂರು ಊರಿನ ಪಟ್ಟಿಯ ಮಾತು ಬಂದಾಗ ಹೆಂಡತಿ ಒಂದು ಹಾಳೆ ಹರಿದು ತಂದು, ಈಗಲೇ ಬರೆದುಕೊಡಿ ಎಂದರು. ಸಾಗರದ ತಂಗಿಗೆ ಅವರಿಂದಲೂ ಧನ್ಯವಾದ.

ದಿಕ್ಕು ತಿರುಗಿಸಿದ್ದೇನೆ. ಫ್ರೀವೀಲಿಗೆ ಈ ಶನಿವಾರ ಶಿವಮೊಗ್ಗಕ್ಕೆ ಹೋಗುತ್ತೇನೆ. ತೀರ್ಥಹಳ್ಳಿಯವರು ಹೇಳಿದಂತೆ ನನ್ನ ಹಳೆಯ ಯೋಜನೆಯ ದಿನಗಳಿಗೆ ಏರಿನ ಲೆಕ್ಕ ಹಾಕಿ ನೋಡಿದಾಗ, ಹೆಬ್ರಿಯಿಂದ ನಗರದ ಆ ಒಂದು ದಿನದ ಏರು ಉಳಿದ ಯಾವ ಎರಡು ದಿನ ಸೇರಿಸಿದರೂ ಅದನ್ನು ಮೀರುತ್ತಿತ್ತು. ಅದನ್ನು ನೋಡದೆ ಹೊರಟಿದ್ದರೆ ಹುಲಿಕಲ್ಲಿನ ಮಧ್ಯದಲ್ಲಿ ನನಗೆ ಕತ್ತಲಾಗುತ್ತಿತ್ತು.

ಉಳಿದದ್ದು ಒಂದೇ ಅನುಮಾನ. ಮೊದಲ ದಿನ ಜೋಗದಿಂದ ಸಾಗರಕ್ಕೆ ಬಂದ ಮೇಲೆ ಮರುದಿನವೇ ನಗರಕ್ಕೆ ಹೊರಡುವ ಬದಲು, ಸಾಗರದಲ್ಲಿ ಒಂದು ದಿನ ಹೆಚ್ಚಿಗೆ ನಿಂತು ಸಿಗಂದೂರಿನ ಹೊಸ ಸೇತುವೆಯ ಮೇಲೆ ಹೋಗಿಬರುವುದು ಯೋಗ್ಯವೇ? ರಜೆಯನ್ನು ಒಂದು ದಿನ ಬೆಳೆಸಿಕೊಳ್ಳಲು ಸಾಧ್ಯವಿದೆ.


ವರದಾಮೂಲದವಳು, ಸಾಗರ

ಖಂಡಿತ ಯೋಗ್ಯ. 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾದು, ಸೈಕಲ್ಲನ್ನು ಕಾರುಗಳ ಸಂದಿಯಲ್ಲಿ ಹಿಡಿದು ನಿಂತು ಶರಾವತಿಯ ಹಿನ್ನೀರು ದಾಟಬೇಕಾಗಿತ್ತು. ಈಗ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯ ಮೇಲೆ ತುಳಿದುಕೊಂಡೇ ಆಚೆ ದಡಕ್ಕೆ ಹೋಗಬಹುದು. ಆ ದಿನ ಸಾಮಾನನ್ನೆಲ್ಲ ಸಾಗರದ ಕೋಣೆಯಲ್ಲೇ ಇಟ್ಟು, ಬರೀ ನೀರು, ಪಂಪು, ಒಂದು ಟ್ಯೂಬು ತೆಗೆದುಕೊಳ್ಳಿ. ಮಂಗಳವಾರ, ಶುಕ್ರವಾರ ಬಿಟ್ಟು ಹೋದರೆ ಯಾತ್ರಿಕರ ವಾಹನ ಕಡಿಮೆ. ದೇವಸ್ಥಾನದಲ್ಲಿ ಮಧ್ಯಾಹ್ನದ ಊಟವಿದೆ. ಹಿನ್ನೀರಿನ ಮೇಲೆ ಮಧ್ಯಾಹ್ನದ ನಂತರ ಅಡ್ಡಗಾಳಿ ಬೀಸುತ್ತದೆ, ಆದ್ದರಿಂದ ಸೇತುವೆಯನ್ನು ಹೋಗುವಾಗಲೂ ಬರುವಾಗಲೂ ಎಡಬದಿಗೆ ಒತ್ತಿಕೊಂಡು, ಎರಡೂ ಕೈ ಹ್ಯಾಂಡಲಿನ ಮೇಲಿಟ್ಟೇ ದಾಟಿ; ಫೋಟೋ ಬೇಕಾದರೆ ಇಳಿದು ನಿಂತು ತೆಗೆಯಿರಿ. ಸಾಗರಕ್ಕೆ ಬಂದ ದಿನ ಇಲ್ಲಿ ಒಂದು ಸಾಲು ಬರೆಯಿರಿ ಅಣ್ಣಾ, ಇಕ್ಕೇರಿಯವರೆಗೆ ನಾನೂ ಸೈಕಲ್ಲಿನಲ್ಲಿ ಬಂದು ದಾರಿ ತೋರಿಸುತ್ತೇನೆ, ಅಲ್ಲಿಂದ ಮುಂದೆ ನಿಮ್ಮ ಪಾಡಿಗೆ ನೀವು ಹೋಗಬಹುದು.